ಒಂದು ಬೆಟ್ಟಕ್ಕೆ ಮೂರು ಹೆಸರು

ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಇಂಗ್ಲಿಷ್ ಅಕ್ಷರ ಕೂಡಿಸಿ ಹೆಸರು ಓದಬಲ್ಲೆ. ಇಡೀ ಸಾಲು ಓದಿದರೆ ತಲೆಗೆ ಹತ್ತುವುದಿಲ್ಲ. ಇದನ್ನು ತಂಗಿಗೆ ಹೇಳಿರಲಿಲ್ಲ.

ಚಾಟ್ಸ್‌ವರ್ತ್‌ನ ವರ್ಕ್‌ಶಾಪಿನಲ್ಲಿ ಪ್ಲಾಸ್ಟರಿನ ಬೆಟ್ಟ ಮಾಡುವುದು ನನ್ನ ಕೆಲಸ. ಹೆಚ್ಚಿನವು ಕಲ್ವರ್ ಸಿಟಿಯ ಸ್ಟುಡಿಯೋಗಳಿಗೆ ಹೋಗುತ್ತಿದ್ದವು. ಸಿನಿಮಾದ ಬೆಟ್ಟಕ್ಕೆ ಹೆಸರು ಬೇಕಿಲ್ಲ. ಶೂಟಿಂಗ್ ಮುಗಿದ ಮೇಲೆ ಒಡೆದು ಹಾಕುತ್ತಾರೆ.

ತಂಗಿ ಸ್ಯಾನ್ ಡಿಯಾಗೋದಲ್ಲಿ ಕಾರುಗಳಿಗೆ ಮ್ಯಾಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಊರು, ಬೆಟ್ಟ, ಹೊಳೆಗಳ ಹೆಸರು ಸರಿ ನೋಡುವುದು ಅವಳ ಕೆಲಸ. 2003ರಲ್ಲಿ ಕಂಪನಿಯವರು ಆಫೀಸಿನ ಮುಂದಿನ ಹಾಲ್‌ನಲ್ಲಿಡಲು ಇಟಲಿಯ ಡೋಲೊಮೈಟ್ಸ್ ಬೆಟ್ಟಸಾಲಿನ ಮಾದರಿ ಬೇಕೆಂದಾಗ, ಅವಳು ಅದನ್ನು ನಮ್ಮ ವರ್ಕ್‌ಶಾಪಿಗೆ ಕೊಡಿಸಿದಳು. ಅವಳಿಗೆ ಸಿಕ್ಕ ಮೊದಲ ಜವಾಬ್ದಾರಿ ಅದು.

ಫೋನಿನಲ್ಲಿ ಆ ಬೆಟ್ಟಗಳ ಪೂರ್ವಾಪರ ಹೇಳಿದಳು. ಒಂದು ಕಾಲಕ್ಕೆ ಸಮುದ್ರದ ತಳದಲ್ಲಿದ್ದ ಸುಣ್ಣದ ಕಲ್ಲಂತೆ. ಜನ ಮೊದಲು ಬಿಳಿಚಿದ ಬೆಟ್ಟಗಳು ಎನ್ನುತ್ತಿದ್ದರಂತೆ. ಫ್ರಾನ್ಸಿನ ವಿದ್ವಾಂಸನೊಬ್ಬ ಆ ಕಲ್ಲನ್ನು ಪರೀಕ್ಷೆಗೆ ಕಳಿಸಿದ, ಕಲ್ಲಿಗೆ ಅವನ ಹೆಸರಿಟ್ಟರು, ಆಮೇಲೆ ಕಲ್ಲಿನ ಹೆಸರು ಬೆಟ್ಟಕ್ಕೆ ಹತ್ತಿತು.

"ಅಣ್ಣ, ಮಿಕ್ಕಿದ್ದೆಲ್ಲ ಡ್ರಾಯಿಂಗ್ ಮೇಲೇ ನೋಟ್ ಬರ್ದಿದೀನಿ. ಕನ್ನಡದಲ್ಲಿ ಬರ್ದು ಕೊಡ್ಲಾ?"

"ನಾನೇನು ಹೆಬ್ಬೆಟ್ಟೇನೇ? ಇಂಗ್ಲಿಷೇ ಸಾಕು."

ಡ್ರಾಯಿಂಗಿನಲ್ಲಿ ಹದಿನಾಲ್ಕು ನಂಬರುಗಳಿದ್ದವು. ಅಂಟಿಸಲು ಬಂದ ಹೆಸರುಗಳು ನಲವತ್ತೆರಡು. ಒಂದೊಂದು ನಂಬರಿಗೂ ಮೂರು ಹೆಸರು: ಸಾಸ್ಸೊಲುಂಗೊ, ಲಾಂಗ್‌ಕೋಫೆಲ್, ಸಾಸ್‌ಲಾಂಗ್. ಪ್ಲಾಸ್ಟರಿನ ಮೇಲೆ ನಲವತ್ತಕ್ಕೂ ಹೆಚ್ಚು ಶಿಖರಗಳಿದ್ದವು. ಲೆಕ್ಕ ಸರಿಹೋಯಿತು ಎಂದುಕೊಂಡೆ. ನಂಬರಿದ್ದ ಬೆಟ್ಟಕ್ಕೆ ಮೊದಲ ಹೆಸರು ಅಂಟಿಸಿ, ಉಳಿದೆರಡನ್ನು ಅಕ್ಕಪಕ್ಕದ ಬೆಟ್ಟಗಳಿಗೆ ಹಂಚಿದೆ. ನೋಟಿನ ಒಂದು ಸಾಲಿನ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು. ಅಂದಕ್ಕೆ ಎಳೆದಿರಬೇಕು ಎಂದುಕೊಂಡೆ.

ನೋಡಿಹೋಗಲು ಬರುತ್ತೇನೆ ಎಂದಳು. "ಅಷ್ಟು ದೂರ ಡ್ರೈವ್ ಮಾಡ್ಕೊಂಡು ಯಾಕೆ ಬರ್ತೀಯ? ನಾನೇ ಚೆಕ್ ಮಾಡಿದೀನಿ," ಎಂದೆ.

ಮಾದರಿ ಕಂಪನಿಯ ಹಾಲ್‌ಗೆ ಹೋದ ವಾರದಲ್ಲೇ ಆ ಬೆಟ್ಟಗಳ ಕಣಿವೆಯಲ್ಲಿ ಹುಟ್ಟಿದ ವಯಸ್ಸಾದ ಗಿರಾಕಿಯೊಬ್ಬರು ಬಂದರು. ತುಂಬ ಹೊತ್ತು ನೋಡಿ, ತಮ್ಮ ಮನೆಯ ಹಿಂದಿನ ಬೆಟ್ಟಕ್ಕೆ ಎರಡು ಮರಿ ಆಗಿವೆಯಲ್ಲ ಎಂದರಂತೆ. ಅಲ್ಲಿ ಮೂರು ಭಾಷೆಯವರಿದ್ದಾರೆ. ಒಂದೇ ಬೆಟ್ಟವನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಸಾಸ್ಸೊಲುಂಗೊ, ಲಾಂಗ್‌ಕೋಫೆಲ್, ಸಾಸ್‌ಲಾಂಗ್ ಮೂರಕ್ಕೂ ಅರ್ಥ ಉದ್ದ ಕಲ್ಲು.

ಸಂಜೆ ತಂಗಿ ಫೋನ್ ಮಾಡಿದಳು.

"ಅಣ್ಣ, ಒಂದೇ ನಂಬರ್ ಅಂದ್ರೆ ಒಂದೇ ಬೆಟ್ಟ ಅಂತ ನಾನು ಬರ್ದಿರ್ಲಿಲ್ವಾ?"

ಡ್ರಾಯಿಂಗ್ ನನ್ನೆದುರೇ ಇತ್ತು. ಎರಡು ಗೆರೆಯ ಸಾಲನ್ನು ಬೆರಳಿಟ್ಟು ಓದಿದೆ. ಅರ್ಥ ಅವಳೇ ಹೇಳಿದ್ದರಿಂದ ಈ ಸಲ ತಲೆಗೆ ಹತ್ತಿತು. ಅದೇ ಸಾಲು.

"ಇಲ್ಲ ಕಣೇ. ಹಾಗೇನೂ ಬರ್ದಿಲ್ಲ."

"ಹೌದಾ? ಹಾಗಾದ್ರೆ ನಂದೇ ತಪ್ಪು," ಎಂದಳು. ಡ್ರಾಯಿಂಗನ್ನು ಪ್ಲಾಸ್ಟರ್ ಕಲಸುವ ಬಕೆಟ್ಟಿನಲ್ಲಿ ಅದ್ದಿ ಎಸೆದೆ. ಅವಳು ಕೈಯಲ್ಲಿ ಬರೆದ ಆ ನೋಟಿಗೆ ಬೇರೆ ಪ್ರತಿ ಇರಲಿಲ್ಲ.

ಮೀಟಿಂಗಿನಲ್ಲಿಯೂ ಅವಳು ತಪ್ಪು ತನ್ನದೇ ಎಂದಳು. ಹೆಸರಿನ ಕೆಲಸದಿಂದ ತೆಗೆದು, ರಸ್ತೆಗಳ ನಂಬರು ತುಂಬಲು ಹಾಕಿದರು. ಅಲ್ಲಿಂದ ಅವಳಿಗೆ ತನ್ನ ಮೇಲೇ ನಂಬಿಕೆ ಹೋಯಿತು. ಒಂದು ಈಮೇಲ್ ಕಳಿಸುವ ಮೊದಲು ನಾಲ್ಕು ಸಲ ಓದುತ್ತಿದ್ದಳು. ಕಾರು ಲಾಕ್ ಮಾಡಿ ಹೋದವಳು ವಾಪಸ್ ಬಂದು ಬಾಗಿಲು ಎಳೆದು ನೋಡುತ್ತಿದ್ದಳು. ನಾನು ತಿಂಗಳಿಗೊಮ್ಮೆ ಹೋಗಿ ಊಟ ಮಾಡಿ ಬರುತ್ತಿದ್ದೆ.

2008ರಲ್ಲಿ ಮೀರಾ ಮೆಸಾ ಬಡಾವಣೆಯ ಇಂಡಿಯನ್ ಅಂಗಡಿಯಿಂದ ಸಾಮಾನು ತಂದು ಕಾರಿನಲ್ಲಿ ಕೂತಾಗ ಹೇಳಿದಳು: "ಮತ್ತೆ ಹೆಸರಿನ ಕೆಲಸಕ್ಕೆ ಕರೀತಿದಾರೆ ಅಣ್ಣ. ಆಲ್ಪ್ಸ್ ಪೂರ್ತಿ. ಬೇಡ ಅಂತೀನಿ. ನನ್ ಕೈಲಿ ಆಗಲ್ಲ."

ಕೊತ್ತಂಬರಿಯ ಚೀಲ ತೊಡೆಯ ಮೇಲಿಟ್ಟುಕೊಂಡೇ ಎಲ್ಲ ಹೇಳಿದೆ. ಓದಲು ಬಾರದ್ದು, ಗೆರೆ, ಬಕೆಟ್ಟು.

"ಬರ್ದಿದ್ನಾ?" ಎಂದಳು.

"ಬರ್ದಿದ್ದೆ."

"ಕೆಳಗೆ ಗೆರೇನೂ ಎಳ್ದಿದ್ದೆ ಅಲ್ವಾ? ಎರಡು?"

"ಎರಡು."

ಬೈಯುತ್ತಾಳೆಂದು ಕಾದೆ. ಐದು ವರ್ಷ ನಾನು ಅದಕ್ಕೆ ತಯಾರಾಗಿದ್ದೆ. ಅವಳು ಖುಷಿಪಟ್ಟಳು. ಸ್ಟೀರಿಂಗ್ ತಟ್ಟಿ ನಕ್ಕಳು. ಅಲ್ಲೇ ಫೋನ್ ತೆಗೆದು, ಸೋಮವಾರದಿಂದ ಆ ಕೆಲಸಕ್ಕೆ ಬರುತ್ತೇನೆ ಎಂದು ಆಫೀಸಿಗೆ ಹೇಳಿದಳು. ಒಂದೇ ಸಲ ಹೇಳಿದಳು, ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಲಿಲ್ಲ.

ಮನೆ ಮುಟ್ಟುವವರೆಗೂ ನನ್ನೊಡನೆ ಮಾತಾಡಲಿಲ್ಲ. ಅಷ್ಟು ಶಿಕ್ಷೆಯಾದರೂ ಸಿಕ್ಕಿತು.