ಹುರುಳಿ ಹಾಸಿದ ರಸ್ತೆಯಲ್ಲಿ ನಕಲಿ ಪೊಲೀಸು

ಮೊದಲೇ ಹೇಳಿಬಿಡುತ್ತೇನೆ. ಆ ದಿನ ಒಬ್ಬ ಮುದುಕನ ಕೆನ್ನೆಗೆ ಬಿದ್ದ ಏಟಿಗೂ ಒಬ್ಬ ಕಾರಿನವನ ತಲೆಯಿಂದ ಇಳಿದ ರಕ್ತಕ್ಕೂ ಕಾರಣ ನನ್ನ ಗಂಟಲು. ಯಾರ ದನಿ ಕೇಳಿದರೂ ಅದನ್ನು ಹಾಗೇ ಆಡಿ ತೋರಿಸದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಸ್ವಂತ ದನಿ ಮಾತ್ರ ಸೊಳ್ಳೆಯದ್ದು.

ಅಕ್ಕನನ್ನು ತುಮಕೂರಿಗೆ ಕೊಟ್ಟ ಮೇಲೆ ನಾನು ಮೊದಲ ಸಲ ಘಟ್ಟ ಹತ್ತಿ ಬಂದಿದ್ದೆ. ಭಾವ ಬೈಕಿನಲ್ಲಿ ಊರು ತೋರಿಸಲು ಹೊರಟರು. ಕ್ಯಾತ್ಸಂದ್ರ ದಾಟಿ ಪೇಟೆಗೆ ಬರುತ್ತಲೇ ಪೊಲೀಸಿನವರೊಬ್ಬರು ನಮ್ಮನ್ನು ಹಿಡಿದು, ನನಗೆ ಹೆಲ್ಮೆಟ್ ಇಲ್ಲವೆಂದು ಮನಸಾರೆ ಬೈದರು. ಭಾವ ತಲೆ ತಗ್ಗಿಸಿದ್ದರು. ನಾನು ಆ ದನಿಯನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ಬಯಲುಸೀಮೆಯ ರಸ್ತೆ ನೇರವಾಗಿದ್ದು ನಿದ್ದೆ ಬರಿಸುತ್ತದೆ ಅಂದುಕೊಂಡಿದ್ದೆ. ಗುಬ್ಬಿ ಮುಟ್ಟುವಷ್ಟರಲ್ಲಿ ಒಂದು ಬಸ್ಸು ನಮ್ಮನ್ನು ಮಣ್ಣಿಗಿಳಿಸಿತು, ಸತ್ತು ಟಾರಿಗೆ ಅಂಟಿದ್ದ ಒಂದು ನಾಯಿಯ ಮೇಲೆ ಇನ್ನೊಂದು ಬಸ್ಸು ಹತ್ತಿಹೋಯಿತು, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ನಮ್ಮ ಕಡೆಯಲ್ಲೇ ಎದುರಾಯಿತು. ನಾನು ಕಿರುಚಿದೆ.

"ಅವ್ನ ತೋಟ ಈ ಕಡೆ ಐತೆ ಕಣೋ, ಆ ಕಡೆ ಹೋಗಿ ಏನ್ ಮಾಡ್ತಾನೆ?" ಎಂದರು ಭಾವ.

ಗುಬ್ಬಿಯಿಂದ ಒಳದಾರಿಯಲ್ಲಿ ಕುಣಿಗಲ್ ಕಡೆ ಹೊರಟೆವು. ಒಂದು ಊರಿನಾಚೆ ರಸ್ತೆಯೇ ಕಾಣದಂತೆ ಹುರುಳಿ ಗಿಡ ಹಾಸಿದ್ದರು. ಹೋಗುವ ಗಾಡಿಗಳು ತುಳಿದರೆ ಕಾಳು ಉದುರುತ್ತದೆ, ಒಕ್ಕಣೆಯ ಕೂಲಿ ಉಳಿಯುತ್ತದೆ. ಗಂಡ ಹೆಂಡತಿ ಇಬ್ಬರು ಮುದುಕರು ಕವೆಗೋಲಿನಿಂದ ಹೊಟ್ಟು ತಿರುವುತ್ತಿದ್ದರು. ನಮ್ಮ ಮುಂದಿನ ಕಾರಿನವನು, ಒಣಗಿಡ ಗಾಡಿಯ ಅಡಿಗೆ ಸಿಕ್ಕಿ ಬೆಂಕಿ ಹತ್ತೀತೆಂದು ನಿಂತು ಹಾರನ್ ಒತ್ತುತ್ತಲೇ ಇದ್ದ. ಇಳಿಯುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಕಾರಿನ ಹಿಂದಿನಿಂದ ನಾನು ಬೆಳಗಿನ ಪೊಲೀಸಿನವರ ದನಿ ತೆಗೆದೆ. "ಏಯ್, ರಸ್ತೆ ಏನ್ ನಿಮ್ಮಪ್ಪಂದಾ? ಎತ್ರೀ ಎಲ್ಲ. ಕೇಸ್ ಹಾಕಿ ಒಳಗ್ ಕೂರುಸ್ತೀನಿ."

ಭಾವ ನಕ್ಕರು. ಕಾರಿನ ಬಾಗಿಲು ತೆರೆಯಿತು. ಬಿಳಿ ಅಂಗಿಯ ಕಾರಿನವನು ಹಿಂದೆ ತಿರುಗದೆಯೇ "ನೋಡಿ ಸಾರ್, ನೀವೇ ನೋಡಿ" ಎನ್ನುತ್ತ ಇಳಿದು ಹುರುಳಿಯನ್ನು ಚರಂಡಿಗೆ ಒದೆಯತೊಡಗಿದ. "ಎತ್ತುಬುಡ್ತೀವಿ ಸಾಮಿ" ಎಂದು ಬಾಗಿದ ಮುದುಕನ ಕೆನ್ನೆಗೆ ಬಾರಿಸಿದ. ಮುದುಕ ಕಿವಿ ಹಿಡಿದು ಕುಸಿದು ಕೂತ. ತುಟಿಯಿಂದ ರಕ್ತ ಬಂತು.

ಹೊಲದಲ್ಲಿದ್ದ ಮಗ ಬೇಲಿ ಹಾರಿ ಬಂದು ತಾಯಿಯ ಕೈಯಿಂದ ಕವೆಗೋಲು ಕಿತ್ತುಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ. ಗಟ್ಟಿ ಕಾಯಿ ಸೀಳಿದಂಥ ಸದ್ದು. ಆ ಸದ್ದನ್ನು ನಾನು ಈವರೆಗೆ ಅನುಕರಿಸಿಲ್ಲ.

ಬಿಳಿ ಅಂಗಿ ಕೆಂಪಾಗುತ್ತಿದ್ದಂತೆ ಅವನು ನಮ್ಮನ್ನು ಮಫ್ತಿಯ ಪೊಲೀಸರೆಂದುಕೊಂಡು ತೆವಳುತ್ತ ಬೈಕಿನತ್ತ ಬಂದ. "ನಿಮ್ಮೆದುರಿಗೇ ಹೊಡ್ದ ಸಾರ್, ಕೇಸ್ ಹಾಕಿ."

ಮಗನೂ ಬಂದ. "ನಮ್ಮಪ್ಪನ್ ಮೇಲೆ ಕೈ ಮಾಡಿದ್ದೂ ನೋಡಿದೀರಲ್ಲ ಸಾರ್?"

"ನಾನು ಪೊಲೀಸ್ ಅಲ್ಲ" ಎಂದೆ, ಸೊಳ್ಳೆಯ ದನಿಯಲ್ಲಿ. "ಸುಮ್ಮನೆ ತಮಾಷೆಗೆ ಅಂದದ್ದು."

ಆಗ ಮಾತ್ರ ಇಬ್ಬರಿಗೂ ಒಮ್ಮತ ಬಂತು. ಮಗ ಕಪಾಳಕ್ಕೆ ಕೊಟ್ಟ, ಕಾರಿನವನು ಚಪ್ಪಲಿಯಲ್ಲಿ ಕೊಟ್ಟ. ನನ್ನ ಒಂದು ಹಲ್ಲು ಅಲುಗಾಡಿತು. ಬಿಡಿಸಲು ಬಂದ ಭಾವನ ಮೂಗಿಗೆ ಯಾರದೋ ಮೊಣಕೈ ತಗುಲಿತು.

ನನ್ನ ಪಾಲು ಮುಗಿದ ಮೇಲೆ ಕಾರಿನವನು ಫೋನ್ ತೆಗೆದು ಮಗನ ಫೋಟೋ ಹಿಡಿದ. "ನೇರ ಸ್ಟೇಷನ್‌ಗೇ ಹೋಗ್ತೀನಿ. ನಿನ್ನ ಜೈಲಿಗೆ ಹಾಕ್ಸದೆ ಬಿಡಲ್ಲ."

ಮಗ ಕವೆಗೋಲು ಕೆಳಗಿಟ್ಟ. ನೆಲದಲ್ಲಿ ಕೂತೇ ಮುದುಕ ಕೈ ಮುಗಿದ. "ಬ್ಯಾಡಿ ಸಾಮಿ. ಸತ್ಯಮಂಗಲದ ಫ್ಯಾಕ್ಟ್ರೀಲಿ ಮೊನ್ನೆ ಪರ್ಮನೆಂಟ್ ಆಗವ್ನೆ. ಕೇಸಾದ್ರೆ ಕೆಲ್ಸ ಹೋಯ್ತದೆ. ನನ್ ಕಪಾಳಕ್ಕೆ ಇನ್ನೊಂದ್ ಹೊಡ್ದು ಬುಟ್ಬುಡಿ."

ಮುದುಕಿ ಗಂಡನ ಕೈ ಹಿಡಿದು ಕೆಳಗಿಳಿಸಿದಳು. ಕಾರಿನವನ ಎದುರಿಗೆ ಹೋಗಿ ನಿಂತಳು. ಆಕೆ ಮಾತಾಡಿದ ಮೇಲೆ ಅವನು ಫೋನು ಜೇಬಿಗಿಟ್ಟು, ಹುರುಳಿಯ ಮೇಲೆಯೇ ಕಾರು ಓಡಿಸಿಕೊಂಡು ಹೋದ. ಸ್ಟೇಷನ್ನಿಗೆ ಯಾರೂ ಹೋಗಲಿಲ್ಲ. ಆಕೆ ದನಿ ಕೂಡ ಏರಿಸಿರಲಿಲ್ಲ.

"ಹೋಗಿ ಕೇಸ್ ಬರ್ಸಪ್ಪ. ಹಿಂದ್ಗಡೆ ಪೊಲೀಸ್ ಅವ್ನೆ ಅಂತ ಮುದುಕನ್ನ ಹೊಡ್ದೆ. ಇಲ್ಲ ಅಂತ ಗೊತ್ತಿದ್ದಿದ್ರೆ ಕಾರಿಂದ ಇಳೀತಿದ್ಯಾ?"