ಗುಂಡಿ ಒತ್ತಿ ಓಡಿದವಳು

ನಾದಿನಿಯ ಮಗಳ ಹುಟ್ಟುಹಬ್ಬದ ದಿನ ಎಲುಬಕ್ಕ ಮಾಡಿದ ಫಜೀತಿಯನ್ನು ಆ ಮನೆಯವರು ಇವತ್ತಿಗೂ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ. ಬೀರು ಚೊಕ್ಕಟ ಮಾಡುವಾಗ ನಾದಿನಿಯ ಗಂಡನಿಗೆ ತನ್ನ ಹಳೇ ಫಿಲ್ಮ್ ಕ್ಯಾಮೆರಾ ಸಿಕ್ಕಿತ್ತು. ಅದಕ್ಕೆ ಫಿಲ್ಮ್ ತುಂಬಿಸಿ ಪುಸ್ತಕಗಳ ಅಟ್ಟಿಯ ಮೇಲೆ ಕೂರಿಸಿದ. ಸೋಫಾದ ಸುತ್ತ ಹದಿನಾಲ್ಕು ಮಂದಿಯನ್ನು ಒತ್ತಿ ನಿಲ್ಲಿಸಿ, ನಡುವೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟ.

"ಅಕ್ಕ, ಈ ಗುಂಡಿ ಒತ್ತಿ, ಹತ್ತು ಎಣಿಸೋದರೊಳಗೆ ಬಂದು ಇಲ್ಲಿ ನಿಂತ್ಕೊಳ್ಳಿ. ಅಷ್ಟೇ ಕೆಲಸ."

ಎಲುಬಕ್ಕ ಒತ್ತಿದಳು. ಕ್ಯಾಮೆರಾ ಕರಕರ ಎನ್ನತೊಡಗಿತು. "ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ" ಎಂದವಳೇ ಗಿರಕ್ಕನೆ ತಿರುಗಿ ಕೋಣೆಯಿಂದ ಹೊರಗೋಡಿ ಬಾಗಿಲು ಎಳೆದುಕೊಂಡಳು. ಕ್ಲಿಕ್ ಎಂದ ಮೇಲೆ, "ಹ್ಞೂಂ, ಉಸಿರು ಬಿಡಿ" ಎಂದು ಹೊರಗಿನಿಂದಲೇ ಅಪ್ಪಣೆ ಬಂತು. ತೊಳೆದು ಬಂದ ಫೋಟೋದಲ್ಲಿ ಹದಿನಾಲ್ಕು ಜನ ಕೆನ್ನೆ ಉಬ್ಬಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ನಡುವಿನ ಖಾಲಿ ಜಾಗ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು.

ಎಲುಬಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಸ್ಪತ್ರೆ ಇಟ್ಟದ್ದು. ಆಕೆಯನ್ನು ನೋಡಿದವರಿಗೆ ಎಲುಬು ನೆನಪಾಗುವ ಸಂಭವ ಕಡಿಮೆ. ದೇವರು ಆಕೆಯ ಎಲುಬುಗಳನ್ನು ಧಾರಾಳವಾಗಿ ಪ್ಯಾಕ್ ಮಾಡಿಯೇ ಕಳಿಸಿದ್ದ. ಇಪ್ಪತ್ತಾರು ವರ್ಷ ಎಕ್ಸ್‌ರೇ ವಿಭಾಗದಲ್ಲಿ ಊರಿನವರ ಒಳಗನ್ನೆಲ್ಲ ತೆಗೆದು ತೆಗೆದು, ಗುಂಡಿ ಒತ್ತುವುದೆಂದರೆ ಗೋಡೆಯ ಹಿಂದೆ ಹೋಗುವುದು ಎಂಬ ಪಾಠ ಆಕೆಯ ಕಾಲುಗಳಿಗೇ ಬಾಯಿಪಾಠವಾಗಿತ್ತು. ತಲೆಯನ್ನು ಕೇಳಿ ಓಡುವ ಪದ್ಧತಿಯನ್ನು ಅವು ಎಂದೋ ಬಿಟ್ಟಿದ್ದವು.

ಅಲ್ಲಿಗೆ ಫೋಟೋಗ್ರಫಿಯ ಸಹವಾಸ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದವರು ಹೊಸದಾಗಿ ಬಂದ ದೊಡ್ಡ ಡಾಕ್ಟರು. ಆಸ್ಪತ್ರೆ ಡೆವಲಪ್ ಆಗುತ್ತಿದೆಯೆಂದು ಎರಡು ವರ್ಷದ ಹಿಂದೆ ಎಕ್ಸ್‌ರೇ ಡೆವಲಪ್ ಮಾಡುವ ಕೋಣೆಗೇ ಬೀಗ ಹಾಕಿದ್ದರು. ಚಿತ್ರಗಳೆಲ್ಲ ಈಗ ನೇರ ಕಂಪ್ಯೂಟರಿಗೆ. ಎಂಟಡಿ ಉದ್ದ, ಐದಡಿ ಅಗಲ, ಮೂರು ತೊಟ್ಟಿ, ಒಂದು ಬೆಂಚು, ಒಂದು ನಲ್ಲಿ, ಕಿಟಕಿಯೆಂಬುದಿಲ್ಲ, ಮೂಗಿಗಡರುವ ಹುಳಿ ವಾಸನೆ. ಬೀಗದ ಕೈ ಎಲುಬಕ್ಕನ ಬಳಿಯೇ ಇತ್ತು. ಮುಂದಿನ ಸೋಮವಾರದಿಂದ ಅಲ್ಲಿ ಪೊರಕೆ, ಬಕೆಟ್ಟುಗಳನ್ನು ಇಡತಕ್ಕದ್ದು ಎಂದು ದೊಡ್ಡ ಡಾಕ್ಟರ ಚೀಟಿ ಬಂತು. ಎಲುಬಕ್ಕ ಚೀಟಿ ಹಿಡಿದುಕೊಂಡೇ ಅವರ ಕೋಣೆಗೆ ನುಗ್ಗಿದಳು.

"ಸರ್, ಆ ಕೋಣೆ ನಂಗೆ ಬೇಕು."

"ಯಾಕಮ್ಮ, ಈಗ ಅದರಲ್ಲಿ ಏನು ಕೆಲಸ?"

"ಫೋಟೋ ತೊಳೀಬೇಕು ಸರ್. ಫೋಟೋಗ್ರಫಿ ನನ್ನ ಹವ್ಯಾಸ."

ಹವ್ಯಾಸಕ್ಕೆ ಆಗ ನಾಲ್ಕು ಸೆಕೆಂಡು ವಯಸ್ಸು.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಹುದ್ದೆ ದೊಡ್ಡದಾದರೂ ಆಳು ಗಿಡ್ಡ. ಬಂದು ಮೂರು ತಿಂಗಳಾಗಿದ್ದರೂ ಅವರ ಮಾತನ್ನು ಲಿಫ್ಟು ಕೂಡ ಕೇಳುತ್ತಿರಲಿಲ್ಲ. "ಒಳ್ಳೇದಾಯ್ತು ಬಿಡಿ. ಮುಂದಿನ ಹಾಲ್‌ಗೆ ಸಿಬ್ಬಂದಿಯ ಗ್ರೂಪ್ ಫೋಟೋ ಒಂದು ಬೇಕಿತ್ತು. ನೀವೇ ತೆಗೆದು, ನೀವೇ ತೊಳೆದು ಶನಿವಾರ ತಂದ್ಕೊಡಿ. ಚೆನ್ನಾಗಿ ಬಂದ್ರೆ ಕೋಣೆ ನಿಮ್ದು. ಇಲ್ದಿದ್ರೆ ಪೊರಕೇದು."

ಸಂಜೆ ಗಂಡನಿಗೆ ವರದಿ ಒಪ್ಪಿಸಿದ್ದಾಯಿತು. ಗಂಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು.

"ಕ್ಯಾಮೆರಾ ಎಲ್ಲಿದೆ ನಿನ್ ಹತ್ರ?"

"ತಗೋಬೇಕು."

"ಜನರ ಒಳಗಿಂದು ತೆಗೆದಿದ್ದು ಸಾಲ್ದು ಅಂತ ಈಗ ಹೊರಗಿಂದಾ? ಸುಮ್ನೆ ಪೊರಕೆಗೆ ಬಿಟ್ಕೊಡು."

ಈತನ ಮಾತು ಮೊದಲಿಗೆ ಬರುವುದೇ ನೆಗೆಟಿವ್ ಆಗಿ. ಒಂದು ರಾತ್ರಿ ಕತ್ತಲಲ್ಲಿಟ್ಟು ಚೆನ್ನಾಗಿ ತೊಳೆದರೆ ಪಾಸಿಟಿವ್ ಆಗುತ್ತದೆಂದು ಆಕೆಗೆ ಇಪ್ಪತ್ತೈದು ವರ್ಷದ ಅನುಭವ. ಮರುದಿನ ಅವನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹಳೇ ಕ್ಯಾಮೆರಾ ರಿಪೇರಿಯ ಅಂಗಡಿಗೆ ಕರೆದೊಯ್ದ.

ಅಂಗಡಿಯೆಂದರೆ ಎರಡು ಮೆಟ್ಟಿಲಿಳಿದು ಹೋಗುವ ಒಂದು ಗೂಡು. ರಿಪೇರಿಯಾತ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತಿದ್ದ. ಆಕೆ ಕೊಳ್ಳುತ್ತಿರುವ ಮೊದಲ ಕ್ಯಾಮೆರಾ ಎಂದೊಡನೆ ಅವನ ಮುಖ ಅರಳಿತು. ಹೊಳೆಯುವ ಪುಟ್ಟದೊಂದನ್ನು ಮುಂದಿಟ್ಟ. "ಇದು ತಗೊಳ್ಳಿ ಮೇಡಂ. ಬೆಳಕು ಅದೇ ನೋಡುತ್ತೆ, ಫೋಕಸ್ ಅದೇ ಮಾಡುತ್ತೆ, ಫಿಲ್ಮ್ ಅದೇ ಸುತ್ಕೊಳ್ಳುತ್ತೆ."

"ಎಲ್ಲಾ ಅದೇ ಮಾಡೋದಾದ್ರೆ ನಾನ್ಯಾಕೆ ಜೊತೇಲಿ?"

"ಎತ್ಕೊಂಡು ಓಡಾಡೋಕೆ," ಎಂದ ಗಂಡ.

ಎರಡನೆಯದರ ಲೆನ್ಸನ್ನು ಎಲುಬಕ್ಕ ಬಲ್ಬಿಗೆ ಎದುರಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. ಆಕೆಯ ದನಿ ಇಳಿಯಿತು. "ಇದ್ರ ಬಲಗಡೆ ಮೇಲ್ಭಾಗದಲ್ಲಿ ಒಂದು ನೆರಳಿದೆ. ಎಷ್ಟು ದಿನದಿಂದ ಹೀಗಿದೆ?"

"ಅದು ಬೂಷ್ಟು ಮೇಡಂ. ಫೋಟೋದಲ್ಲೇನೂ ಕಾಣಲ್ಲ."

"ಎಲ್ರೂ ಮೊದ್ಲು ಹಾಗೇ ಅಂತಾರೆ," ಎಂದು ಅದನ್ನು ಮೆಲ್ಲನೆ ಕೆಳಗಿಟ್ಟಳು. ರಿಪೇರಿಯಾತ ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಂಡ.

ಮೂರನೆಯದು ಕಬ್ಬಿಣದ ಇಸ್ತ್ರಿಪೆಟ್ಟಿಗೆಯಷ್ಟು ಭಾರ. ಬ್ಯಾಟರಿ ಬೇಡ, ಎಲ್ಲವನ್ನೂ ಕೈಯಲ್ಲೇ ತಿರುಗಿಸಬೇಕು. ಎಕ್ಸ್‌ರೇ ತಟ್ಟೆಗಳನ್ನು ಎತ್ತಿ ಬೆಳೆದ ತೋಳುಗಳಿಗೆ ಅದು ಹಿತವಾಯಿತು. "ಇದಕ್ಕೆ ಕರಕರ ಅಂತ ಹತ್ತು ಎಣಿಸೋ ಟೈಮರ್ ಇದೆಯಾ?"

"ಇದೆ. ಎಲ್ರೂ ಅದನ್ನೇ ಕೇಳೋದು. ತೆಗೆಯೋರೂ ಫೋಟೋದಲ್ಲಿ ಬರ್ಬೇಕಲ್ವಾ."

"ನಂಗೆ ಬರೋಕಲ್ಲ, ಹೋಗೋಕೆ," ಎಂದಳು ಎಲುಬಕ್ಕ. ರಿಪೇರಿಯಾತ ಗಂಡನ ಮುಖ ನೋಡಿದ. ಗಂಡ ಸೂರು ನೋಡಿದ. ಹೆಚ್ಚು ವಿಚಾರಿಸದೆ ರಿಪೇರಿಯಾತ ಒಂದು ರೋಲು, ಫೋಟೋ ತೊಳೆಯುವ ಔಷಧದ ಪೊಟ್ಟಣಗಳು, ಕಾಗದ, ಚಿತ್ರವನ್ನು ದೊಡ್ಡದು ಮಾಡಿ ಕಾಗದಕ್ಕಿಳಿಸುವ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಎನ್‌ಲಾರ್ಜರು, ಎಲ್ಲವನ್ನೂ ಕಟ್ಟಿಕೊಟ್ಟ.

ಗುರುವಾರ ಹನ್ನೊಂದಕ್ಕೆ ಆಸ್ಪತ್ರೆಯ ಹಿತ್ತಲಲ್ಲಿ ಮೂರು ಸಾಲು ಕುರ್ಚಿ ಬೆಂಚು ಹಾಕಿದರು. ಸಲೈನ್ ಬಾಟಲಿ ನೇತುಹಾಕುವ ಕಂಬಕ್ಕೆ ಎಲುಬಕ್ಕ ಕ್ಯಾಮೆರಾವನ್ನು ಬ್ಯಾಂಡೇಜಿನಲ್ಲಿ ಬಿಗಿದಳು. ಕೆಲಸಕ್ಕೆ ರಜೆ ಹಾಕಿ ಬಂದ ಗಂಡ ಮೂವತ್ತೆಂಟು ಜನರನ್ನು ಎತ್ತರದ ಪ್ರಕಾರ ಜೋಡಿಸಿದ. ಆ ಪ್ರಕಾರ ದೊಡ್ಡ ಡಾಕ್ಟರು ಮುಂದಿನ ಸಾಲಿನ ತುದಿಗೆ ಬರುತ್ತಿದ್ದುದರಿಂದ ನಿಯಮ ಸಡಿಲಿಸಿ ನಟ್ಟನಡುವೆ ಕೂರಿಸಿದರು. ಅವರ ಪಕ್ಕದ ಖಾಲಿ ಕುರ್ಚಿ ಎಲುಬಕ್ಕನದು. ಓಡಿದರೆ ಕುರ್ಚಿಯ ಕಡೆಗೇ ಓಡಬೇಕೆಂದು ಆಕೆ ಕಾಲುಗಳಿಗೆ ಬೆಳಗಿನಿಂದ ನೂರು ಸಲ ಹೇಳಿದ್ದಳು. ಮನೆಯ ಪಡಸಾಲೆಯಲ್ಲಿ ಗಂಡ ಸೀಟಿ ಊದಿ ಊದಿ ಅಭ್ಯಾಸವನ್ನೂ ಮಾಡಿಸಿದ್ದ.

"ಗದ್ದ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ," ಎಂದು ಒತ್ತಿದಳು.

ಕರಕರ ಶುರುವಾಯಿತು. ಕಾಲುಗಳು ಆಕೆಯನ್ನು ಎತ್ತಿಕೊಂಡು ಪಂಪ್‌ಹೌಸಿನ ಗೋಡೆಯ ಹಿಂದಕ್ಕೆ ಹೋದವು.

ಆಸ್ಪತ್ರೆಯ ಹಳಬರಿಗೆಲ್ಲ ಗೊತ್ತಿದ್ದ ಒಂದು ಸಂಗತಿಯಿತ್ತು: ಎಲುಬಕ್ಕ ಗುಂಡಿ ಒತ್ತಿ ಓಡಿದಳೆಂದರೆ ಅಲ್ಲಿ ನಿಲ್ಲುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮೊದಲು ಹೆಡ್ ನರ್ಸ್ ಎದ್ದಳು. ಹೆಡ್ಡೇ ಎದ್ದ ಮೇಲೆ ಉಳಿದ ಅಂಗಾಂಗಗಳು ಕೂರುತ್ತವೆಯೇ? ವಾರ್ಡಿನವರು, ಅಡುಗೆಯವರು, ಔಷಧ ಕೊಡುವವರು, ಹಲ್ಲಿನ ಡಾಕ್ಟರು, ಎಲ್ಲರೂ ಕುರ್ಚಿ ಬಿಟ್ಟು ದೌಡಾಯಿಸಿದರು. ಕ್ಯಾಮೆರಾ ಕ್ಲಿಕ್ ಎನ್ನುವಷ್ಟರಲ್ಲಿ ಗೋಡೆಯ ಹಿಂದೆ ಕಾಲಿಡಲು ಜಾಗವಿಲ್ಲ.

"ಏನಾಯ್ತೇ?" ಎಂದಳು ಹೆಡ್ ನರ್ಸ್ ಏದುಸಿರಿನಲ್ಲಿ.

"ಏನೂ ಇಲ್ಲ. ನೀವ್ಯಾಕೆ ಬಂದ್ರಿ?"

"ನೀನು ಬಂದ್ಯಲ್ಲ."

ಎಲುಬಕ್ಕ ಇಣುಕಿದಳು. ಖಾಲಿ ಕುರ್ಚಿಗಳ ನಡುವೆ ದೊಡ್ಡ ಡಾಕ್ಟರೊಬ್ಬರೇ ಗದ್ದವೆತ್ತಿ ಕೂತಿದ್ದರು. ಹೊಸಬರು, ಪಾಪ, ಹೇಳಿದಂತೆ ಉಸಿರು ಹಿಡಿದಿದ್ದರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. "ಬಿಡಿ ಸರ್, ಬಿಡಿ," ಎಂದು ಕೂಗಿದಾಗ ಟೈರು ಪಂಕ್ಚರಾದ ಸದ್ದು ಪಂಪ್‌ಹೌಸಿನವರೆಗೆ ಕೇಳಿಸಿತು. ಇನ್ನೊಂದು ತೆಗೆಯೋಣವೆನ್ನುವಷ್ಟರಲ್ಲಿ ಎರಡು ಆಂಬ್ಯುಲೆನ್ಸ್ ಒಟ್ಟಿಗೆ ಬಂದು ಎಲ್ಲರೂ ಚದುರಿಹೋದರು. ಶುಕ್ರವಾರ ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ.

ಶುಕ್ರವಾರ ಸಂಜೆ ಎಲುಬಕ್ಕ ಕತ್ತಲೆಕೋಣೆಯಲ್ಲಿ ಕಾಗದವನ್ನು ತೊಟ್ಟಿಗೆ ಇಳಿಸಿದಳು. ಮೊದಲು ಕುರ್ಚಿಯ ಕಾಲುಗಳು ಮೂಡಿದವು. ಆಮೇಲೆ ಇನ್ನಷ್ಟು ಕುರ್ಚಿಯ ಕಾಲುಗಳು. ಅಂಚಿನಲ್ಲಿ ಗಾಳಿಗೆ ಹಾರಿದ ಒಂದು ಬಿಳಿ ಕೋಟು, ಯಾರದೋ ಒಂಟಿ ಚಪ್ಪಲಿ. ನಡುವೆ ದೊಡ್ಡ ಡಾಕ್ಟರು.

"ಮೂವತ್ತೇಳು ಗೈರುಹಾಜರಿ," ಎಂದ ಗಂಡ, ಫೋಟೋ ನೋಡಿ. ಆಮೇಲೆ ಆಕೆಯ ಮುಖ ನೋಡಿದ. ಕೋಣೆಯ ಬೆಂಚನ್ನು ಮನೆಗೆ ಸಾಗಿಸಲು ತಳ್ಳುಗಾಡಿ ಹೇಳಲೇ ಎಂದಷ್ಟೇ ಕೇಳಿದ.

ಶನಿವಾರ ಎಲುಬಕ್ಕ ಫೋಟೋವನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಬೀಗದ ಕೈಯನ್ನೂ ಇಟ್ಟಳು. ದೊಡ್ಡ ಡಾಕ್ಟರು ಫೋಟೋ ತಿರುಗಿಸಿದರು.

"ಎಲ್ರೂ ಓಡಿಹೋಗಿದಾರೆ."

"ಹೌದು ಸರ್."

"ನಾನೊಬ್ನೇ ಕೂತಿದೀನಿ."

"ಹೌದು ಸರ್."

"ಸ್ವಲ್ಪಾನೂ ಅಲ್ಲಾಡಿಲ್ಲ." ಅವರು ಫೋಟೋವನ್ನು ತೋಳಿನುದ್ದ ದೂರ ಹಿಡಿದು ನೋಡಿದರು. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಎತ್ತರವಾಗಿಯೂ ಕಾಣುತ್ತಿದ್ದರು. ಬಿಗಿಹಿಡಿದ ಉಸಿರಿನಿಂದ ಎದೆ ಸೇನಾಪತಿಯದರಂತೆ ಉಬ್ಬಿತ್ತು. "ಇದನ್ನ ದೊಡ್ಡದಾಗಿ ಎರಡು ಮಾಡಿ. ಒಂದು ಹಾಲ್‌ಗೆ, ಒಂದು ನಮ್ಮನೆಗೆ. ನನ್ನ ಹೆಂಡತಿ ನೋಡ್ಬೇಕು ಇದನ್ನ."

ಪೊರಕೆಯ ಚೀಟಿಯನ್ನು ಅವರೇ ಹರಿದು ಬುಟ್ಟಿಗೆ ಹಾಕಿ, ಬೀಗದ ಕೈಯನ್ನು ಆಕೆಯತ್ತ ಸರಿಸಿದರು. ಎಲುಬಕ್ಕ ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಟಾಗ ದೊಡ್ಡ ಡಾಕ್ಟರು ಮೃದುವಾಗಿ ಕರೆದರು. "ಒಂದು ಮಾತು ಕೇಳ್ಲಾ? ನಾವೆಲ್ಲ ಕಲೆ ಗೊತ್ತಿಲ್ದೋರು. ಆ ಕತ್ತಲೆಕೋಣೇಲಿ ನಿಮ್ಮಂಥೋರಿಗೆ ಅಂಥದ್ದೇನು ಕಾಣುತ್ತೆ?"

"ಏನೂ ಕಾಣಲ್ಲ ಸರ್," ಎಂದಳು ಎಲುಬಕ್ಕ. "ಬಾಗಿಲಿಗೆ ಒಳಗಿಂದ ಚಿಲಕ ಇದೆ, ಹೊರಗೆ ಕೆಂಪು ದೀಪ ಉರೀತಿದ್ರೆ ಯಾರೂ ಬಡಿಯೋ ಹಾಗಿಲ್ಲ. ಊಟ ಆದ್ಮೇಲೆ ಅರ್ಧ ಗಂಟೆ ಆ ಬೆಂಚಿನ ಮೇಲೆ ಮಲಗ್ತೀನಿ."