ಅಮ್ಮನ ಎದುರಿಗೆ ಅಂಗೈ

ನಮ್ಮಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಹಾಗಂತ ಸುಮ್ಮನಿರುವ ಹೆಂಗಸು ಅಂದುಕೊಂಡರೆ ಕೆಟ್ಟಿರಿ. ಬಾಯಿಬಡುಕಿಯರನ್ನು ನೀವು ನೋಡಿರಬಹುದು, ನಮ್ಮಮ್ಮ ಕೈಬಡುಕಿ. ಯಾರ ಮನೆ ಬೆಕ್ಕು ಮರಿ ಹಾಕಿತು ಅನ್ನುವುದಕ್ಕೂ ಅವಳ ಹತ್ತು ಬೆರಳು ಓಡುತ್ತವೆ. ಆ ಭಾಷೆ ಯಾವ ಶಾಲೆಯದೂ ಅಲ್ಲ, ನಮ್ಮ ಮನೆಯೊಳಗೇ ಹುಟ್ಟಿದ್ದು. ಗಲ್ಲದ ಮಚ್ಚೆಯ ಜಾಗ ಮುಟ್ಟಿದರೆ ಅಕ್ಕ, ಮೂಗು ಒರೆಸಿಕೊಂಡರೆ ನಾನು. ಏನು ಮಾಡೋದು, ಚಿಕ್ಕಂದಿನಲ್ಲಿ ಗಳಿಸಿದ ಹೆಸರು.

ಅಪ್ಪ ತೀರಿಕೊಂಡ ಮೇಲೆ ಆ ಕೈಮಾತನ್ನು ಪೂರ್ತಿ ಬಲ್ಲವಳು ಅಕ್ಕ ಒಬ್ಬಳೇ. ನಾನು ಮೈಗಳ್ಳಿ. ಬಾ, ಹೋಗು, ಊಟ, ನಿದ್ದೆ, ಅಷ್ಟರಲ್ಲೇ ಕಾಲ ತಳ್ಳಿದೆ. ಹೇಳೋಕೆ ಅಕ್ಕ ಇದ್ದಾಳಲ್ಲ.

ಅಕ್ಕ ಹತ್ತೊಂಬತ್ತು ವರ್ಷದಿಂದ ಒಂದೇ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ನಿಂತು ಶರ್ಟು ಇಸ್ತ್ರಿ ಮಾಡುತ್ತಾಳೆ. ಮೊದಲು ಕಾಲರ್, ಆಮೇಲೆ ಭುಜ, ತೋಳಿನ ಪಟ್ಟಿ, ಕೊನೆಗೆ ಬೆನ್ನು. ಬಲಗೈ ಇಸ್ತ್ರಿ ಪೆಟ್ಟಿಗೆ ಒತ್ತುತ್ತದೆ, ಎಡಗೈ ಬಟ್ಟೆ ಎಳೆದು ಹಿಡಿಯುತ್ತದೆ. ಈ ವರ್ಷ ಎರಡೂ ಕೈ ಸೆಟೆದುಕೊಂಡವು. ಮಣಿಕಟ್ಟಿನಿಂದ ಮೊಣಕೈವರೆಗೆ ಹಗ್ಗ ಬಿಗಿದ ಹಾಗಿದೆ ಅಂತಾಳೆ. ಸಂಜೆ ಮನೆಗೆ ಬಂದರೆ ಬಾಗಿಲ ಚಿಲಕ ತೆಗೆಯೋಕೂ ನನ್ನನ್ನೇ ಕೂಗಬೇಕು.

ಡಾಕ್ಟರಮ್ಮ ವ್ಯಾಯಾಮ ಹೇಳಿಕೊಟ್ಟರು. ತೋಳು ಮುಂದಕ್ಕೆ ಚಾಚಿ, ಅಂಗೈ ಎದುರಿಗೆ ತೋರಿಸಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ತನ್ನ ಕಡೆಗೆ ಎಳೆದು ಇಪ್ಪತ್ತು ಎಣಿಸಬೇಕು. ಆಮೇಲೆ ಮಣಿಕಟ್ಟು ಕೆಳಕ್ಕೆ ಬಗ್ಗಿಸಿ ಇನ್ನೊಂದು ಇಪ್ಪತ್ತು. ಕೆಲಸದಿಂದ ಬಂದವಳೇ ಅಕ್ಕ ಕುರ್ಚಿಯಲ್ಲಿ ಕುಸಿದು, ಕಣ್ಣು ಮುಚ್ಚಿ, ಅದನ್ನೇ ಮಾಡತೊಡಗಿದಳು. ಎದುರಿಗೇ ಅಮ್ಮ, ಇಡೀ ದಿನದ ಸುದ್ದಿ ಕೂಡಿಟ್ಟುಕೊಂಡು ಕೂತಿರುತ್ತಿದ್ದಳು.

ನಮ್ಮ ಮನೆಯಲ್ಲಿ ಅಂಗೈ ಎದುರಿಗೆ ತೋರಿಸಿದರೆ 'ಸಾಕು' ಅಂತ. ಕಣ್ಣು ಮುಚ್ಚಿಕೊಂಡು ತೋರಿಸಿದರೆ 'ಸಾಕು, ನಿನ್ನ ಮಾತೇ ನನಗೆ ಬೇಡ' ಅಂತ. ದೊಡ್ಡ ಜಗಳದಲ್ಲಿ ಬಿಟ್ಟರೆ ಯಾರೂ ಆಡದ ಮಾತು ಅದು. ಸುಸ್ತಿನಲ್ಲಿ ಅಕ್ಕನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನಾನ್ಯಾವ ಮಹಾ ಪಂಡಿತೆ!

ನಾಲ್ಕು ಸಂಜೆ ಅಮ್ಮ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. "ಯಾಕೋ ಮುಖ ಊದಿಸ್ಕೊಂಡಿದ್ದಾಳೆ, ಇರಲಿ ಬಿಡು, ನನಗೂ ಮಾತಾಡೋ ಶಕ್ತಿ ಇಲ್ಲ" ಅಂದಳು ಅಕ್ಕ. ಐದನೆಯ ದಿನ ಅಮ್ಮ ಅಡುಗೆಮನೆಗೆ ಬಂದು ನನ್ನ ಮುಂದೆ ನಿಂತಳು. ಗಲ್ಲ ಮುಟ್ಟಿದಳು. ತನ್ನ ಎದೆ ಮುಟ್ಟಿಕೊಂಡಳು. ಅಂಗೈ ಎತ್ತಿ ಕಣ್ಣು ಮುಚ್ಚಿದಳು. ಆಮೇಲೆ ಹುಬ್ಬೇರಿಸಿ ನನ್ನನ್ನೇ ನೋಡಿದಳು. 'ಅವಳಿಗೆ ನಾನು ಸಾಕಾದೆನಾ?' ಅಂತ ಅಮ್ಮ ಕೇಳುತ್ತಿದ್ದಳು.

ಅಲ್ಲ ಅಲ್ಲ ಅಂತ ತಲೆ ಅಲ್ಲಾಡಿಸಿದೆ. ಯಾಕೆ ಅಲ್ಲ ಅಂತ ಹೇಳೋಕೆ ನನ್ನ ಕೈಗೆ ಮಾತು ಗೊತ್ತಿದ್ದರೆ ತಾನೇ? ಇಷ್ಟು ವಯಸ್ಸಾಗಿ ಹೆತ್ತ ತಾಯಿಗೆ ನಾಲ್ಕು ಮಾತು ಹೇಳಲಾಗದೆ ನಾಚಿಕೆಯಾಯಿತು. ಅಕ್ಕನನ್ನೇ ಕೂಗಿದೆ.

"ಅಯ್ಯೋ ದೇವರೇ, ನಾನೆಂಥ ಕತ್ತೆ!" ಅಂದಳು ಅಕ್ಕ. ಅದೇ ಸೆಟೆದ ಕೈಯಲ್ಲಿ ಎಲ್ಲ ಬಿಡಿಸಿ ಹೇಳಿದಳು. ಇಸ್ತ್ರಿ ಪೆಟ್ಟಿಗೆ, ನೋವು, ಡಾಕ್ಟರಮ್ಮ, ಇಪ್ಪತ್ತರ ಎಣಿಕೆ. ಪ್ರತಿ ಮಾತಿಗೂ ತುಟಿ ಕಚ್ಚುತ್ತಿದ್ದಳು. ಅಮ್ಮ ಕೈ ನೋಡುವುದು ಬಿಟ್ಟು ಆ ತುಟಿಯನ್ನೇ ನೋಡುತ್ತಿದ್ದಳು.

ಮಾರನೆಯ ಸಂಜೆಯಿಂದ ಅಮ್ಮನ ಕೈಗಳು ಮತ್ತೆ ಓಡತೊಡಗಿದವು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದಿದ್ದು, ಎದುರುಮನೆ ಸೊಸೆಯ ಹೊಸ ಚಪ್ಪಲಿ, ಒಂದೂ ಬಿಡಲಿಲ್ಲ. ಸದ್ಯ ಸರಿಹೋಯಿತು ಅಂತ ನಾನು ಉಸಿರು ಬಿಟ್ಟೆ. ಒಂದು ವಾರ ಕಳೆದ ಮೇಲೆ, ಪಾತ್ರೆ ತೊಳೆಯುತ್ತಿದ್ದ ನನ್ನ ಪಕ್ಕ ಬಂದು ನಿಂತ ಅಕ್ಕ ಇದ್ದಕ್ಕಿದ್ದಂತೆ ಅತ್ತಳು.

"ಏನಾಯ್ತೇ?"

"ಅಮ್ಮ ನನ್ನನ್ನ ಏನೂ ಕೇಳ್ತಿಲ್ಲ ಕಣೇ. ಬರೀ ಹೇಳ್ತಾಳೆ. ಕೇಳಿದ್ರೆ ನಾನು ಕೈ ಎತ್ತಿ ಉತ್ತರ ಕೊಡಬೇಕಲ್ಲ, ಅದಕ್ಕೆ. ಊಟ ಮಾಡಿದ್ಯಾ ಅಂತಾನೂ ಕೇಳಲ್ಲ."